ಮೂರು ವರ್ಷದ ಗ್ಯಾರಂಟಿ

ಗೆದ್ದಲ ಮದ್ದಿನವನು ನಾನು. ಶಿಡ್ಲಘಟ್ಟದಲ್ಲಿ
ಗೂಡಿನ ಮಾರ್ಕೆಟ್ಟಿನ ಹಿಂದಿನ ಗಲ್ಲಿಗೆ
ಕರೆಸಿದ್ದರು ಜೈಬುನ್ನಿಸಾ, ರೀಲಿಂಗ್ ಮನೆಯವರು.
ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿಂದ ತಟ್ಟುತ್ತಾ ಬಂದೆ,
ಡಾಕ್ಟರು ಬೆನ್ನು ತಟ್ಟುವ ಹಾಗೆ:
ಮೇಲೆ ಟಕ್ ಟಕ್,
ಮೊಣಕಾಲೆತ್ತರಕ್ಕೆ ಇಳಿದರೆ
ಪೊಳ್ಳು.
ಉಗುರು ಒತ್ತಿದೆ. ನೀಲಿ ಬಣ್ಣದ ಒಂದೇ ಪದರ
ಇಷ್ಟು ದಿನ ಮರ ಅಂತ ನಟಿಸುತ್ತಾ ನಿಂತಿತ್ತು.

ಗೋಡೆಯ ಮೇಲೆ ಮಣ್ಣಿನ ನರ.
ನರ ಹಿಡಿದು ಹೋದರೆ ಮರದ ಬೀರು,
ಬೀರುವಿನಲ್ಲಿ ತೀರಿಹೋದ ಗಂಡನ ಕೈಬರಹದ ಲೆಕ್ಕದ ಪುಸ್ತಕ.
ಇವರಿಗೆ ಕೊಡಬೇಕಾದವರ ಹೆಸರೆಲ್ಲ ತಿಂದು
ಇವರು ಕೊಡಬೇಕಾದ್ದನ್ನು ಮಾತ್ರ
ಒಂದು ಸೊನ್ನೆಯೂ ಕಚ್ಚದೆ ಉಳಿಸಿದ್ದವು.
"ಓದು ಬರೋ ಹುಳ" ಎಂದು ಅವರು ನಕ್ಕರು.
ನಾನು ನಗಲಿಲ್ಲ. ಕೂಲಿ ಮಾತಾಡುವ ಮುಂಚೆ ನಗಬಾರದು.

ಡ್ರಿಲ್ಲಿನ ವೈರು ಬಿಚ್ಚುವಷ್ಟರಲ್ಲಿ
ಕಾಂಪೌಂಡಿನ ಆಚೆಯಿಂದ ಪಿಳ್ಳಮ್ಮನ ತಲೆ:
"ಏಯ್, ಡಬ್ಬ ಕೆಳಗಿಡಪ್ಪಾ!
ನನ್ನ ಹುಳ ನಾಕನೇ ಜ್ವರದಿಂದ ಇವತ್ತು ಎದ್ದವೆ.
ನಿನ್ನ ಮದ್ದಿನ ಗಾಳಿ ಸೋಕಿದ್ರೂ
ಇನ್ನೂರು ಮೊಟ್ಟೆ ಸಾಕಿದ್ದು ಮಣ್ಣಾಗ್ತದೆ."

ಒಂದೇ ಗೋಡೆ. ಈಚೆ ಕೊಲ್ಲಬೇಕಾದ ಹುಳ,
ಆಚೆ ಹೊತ್ತು ಹೊತ್ತಿಗೆ ಉಣಿಸಿ ಸಾಕುವ ಹುಳ.
ನನ್ನ ಡಬ್ಬಕ್ಕೆ ಆ ಭೇದ ತಿಳಿಯದು.
ಕೆಳಗಿಟ್ಟೆ.

ಹನ್ನೆರಡು ದಿನ. ಹುಳ ಹಣ್ಣಾಗಬೇಕು, ಚಂದ್ರಿಕೆ ಹತ್ತಬೇಕು,
ಗೂಡು ಬಿಡಿಸಿ ಹರಾಜಿಗೆ ಹೋಗಬೇಕು.
ಅಲ್ಲಿವರೆಗೆ ಚೌಕಟ್ಟಿನ ಯೋಗಕ್ಷೇಮ ಗೆದ್ದಲಿನದೇ.

ನಡುವೆ ಒಂದು ರಾತ್ರಿ
ತಲೆಗೆ ನೀರು ಹಾಕಿಕೊಂಡು, ಒಗೆದ ಅಂಗಿ ತೊಟ್ಟು
ಎಷ್ಟು ಉಳಿದಿದೆ ನೋಡೋಣವೆಂದು ಹೋದೆ.
ಕರೆಂಟಿರಲಿಲ್ಲ.
ಪಿಳ್ಳಮ್ಮನ ಹುಳದ ಮನೆಯೊಳಗೆ
ಸಾವಿರ ಸಾವಿರ ಬಾಯಿ ಸೊಪ್ಪು ಮೇಯುವ ಸದ್ದು,
ಯಾರೋ ಕತ್ತಲಲ್ಲಿ ಹೊಸ ಸೀರೆ ಮಡಿಸುತ್ತಿರುವ ಹಾಗೆ.
ಚೌಕಟ್ಟಿಗೆ ಕಿವಿಯಿಟ್ಟೆ. ಅಲ್ಲೂ ಅದೇ, ಇನ್ನೂ ಸಣ್ಣಗೆ.
ಮಡಿಕೆ ಮಾತ್ರ. ಸೀರೆಯಿಲ್ಲ.

ಹದಿಮೂರನೆಯ ದಿನ ಡ್ರಿಲ್ಲು ಹಚ್ಚಿದೆ.
ಗೋಡೆಯ ಬುಡಕ್ಕೆ ಅಡಿಗೊಂದು ತೂತು,
ತೂತಿಗೆ ಮದ್ದು, ಮದ್ದಿಗೆ ಸಿಮೆಂಟಿನ ಬಿರಡೆ.
ಗೂಡಿನ ದುಡ್ಡು ಸೆರಗಿಗೆ ಗಂಟು ಹಾಕಿಕೊಂಡು
ನೋಡುತ್ತಾ ನಿಂತ ಪಿಳ್ಳಮ್ಮ ಕೇಳಿದಳು:
"ಇಷ್ಟೊಂದು ಜೀವ ತೆಗಿತೀಯಲ್ಲ,
ರಾತ್ರಿ ನಿದ್ದೆ ಬತ್ತದೇನಪ್ಪಾ?"

ನಾನು ಬಾಯಿ ತೆರೆಯುವ ಮೊದಲೇ
ಒಳಗೆ ಕುದಿವ ತೊಟ್ಟಿಯ ಮುಂದೆ ಕೂತ ಜೈಬುನ್ನಿಸಾ,
ಬೇಯುವ ಗೂಡುಗಳ ನಡುವೆ ಎಳೆಯ ತುದಿ ಹುಡುಕುತ್ತಾ,
ತಲೆಯೆತ್ತದೆ ಅಂದರು:
"ಯಾಕೆ ಬರಲ್ಲ ಪಿಳ್ಳಮ್ಮಾ?
ಮೈ ನೊಂದಿರುತ್ತೆ. ಬರುತ್ತೆ."

ಗಲ್ಲಿ ತುಂಬ ಬೆಂದ ಹುಳದ ವಾಸನೆ.
ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಎಳೆ ಸಿಕ್ಕಿತು, ರಾಟೆ ತಿರುಗಿತು.

ಹಳದಿ ಚೀಟಿ ಬರೆದು ಸಹಿ ಹಾಕಿದೆ:
ಗೋಡೆಗೆ, ನೆಲಕ್ಕೆ, ಹೊಸ ಚೌಕಟ್ಟಿಗೆ
ಮೂರು ವರ್ಷದ ಗ್ಯಾರಂಟಿ.
"ಜೋಪಾನ" ಎಂದೆ,
"ಬೀರುವಿನಲ್ಲಿ ಇಡಬೇಡಿ.
ಬಿಸ್ಕತ್ತಿನ ತಗಡು ಡಬ್ಬ ಇದ್ದರೆ
ಅದರೊಳಗೆ ಹಾಕಿ."