ಉಂಡ ಮನೆಯ ಜಂತೆ

ಮೆಹಿಕಾಲಿಯ ಅಂಚು, ಡಾಂಬರು ಮುಗಿದ ಮೇಲಿನ
ಮೂರನೇ ಓಣಿ. ನಲವತ್ತಾರು ಡಿಗ್ರಿ.
ಪ್ಯಾಂಟನ್ನು ಕಾಲುಚೀಲಕ್ಕೆ ತುರುಕಿ ಬಿಳಿ ಟೇಪು ಸುತ್ತಿ
ಹೋಗುತ್ತೇನೆ, ಹತ್ತುವುದು ಕಣ್ಣಿಗೆ ಕಾಣಲೆಂದು.

ನಸಾರಿಯಾ ಬಾಗಿಲು ಪೂರ್ತಿ ತೆರೆಯುವುದಿಲ್ಲ.
ಅವಳ ಕಾಲ ಸಂದಿನಿಂದ ಪೆಲೂಸಾ ಮೂತಿ ತೂರಿಸುತ್ತದೆ,
ಬಾಲ ಆಡುತ್ತಲೇ ಇದೆ. ಅದಕ್ಕೆ ಯಾರೂ ಹೇಳಿಲ್ಲ.

ಹೋದ ತಿಂಗಳು ದಮಾರಿಸ್ ಇದೇ ನಾಯಿಯನ್ನು ತಬ್ಬಿ
ಈ ಹಾಸಿಗೆಯಲ್ಲಿ ಮಲಗಿದ್ದಳು.
ಜ್ವರ ಬಂತು. ಗಂಟಲು ಅಂದರು ಒಬ್ಬರು, ಡೆಂಗಿ ಅಂದರು ಇನ್ನೊಬ್ಬರು,
ಗುಲಾಬಿ ಬಣ್ಣದ ಸಿರಪ್ಪು ಕೊಟ್ಟರು.
ಅಂಗೈಯಲ್ಲಿ ಚುಕ್ಕೆ ಮೂಡುವ ಹೊತ್ತಿಗೆ,
ಅಂಗಾಲಿನಲ್ಲೂ ಮೂಡುವ ಹೊತ್ತಿಗೆ,
ಕೊಡಬೇಕಾದ ಗುಳಿಗೆ ಇನ್ನೂ ಅಂಗಡಿಯ ಡಬ್ಬಿಯಲ್ಲೇ ಇತ್ತು.
ಅಗ್ಗದ ಗುಳಿಗೆ.

ನಾನು ನಾಯಿಯ ಕಿವಿ ಮಗುಚುತ್ತೇನೆ.
ಒಳಗೆ ಹರಳುಬೀಜ ಸುರಿದ ಹಾಗೆ ಉಣ್ಣಿ.
ಚಿಮುಟದಲ್ಲಿ ಹಿಡಿದು, ತಿರುಚದೆ, ನೆಟ್ಟಗೆ ಎಳೆದು ಸೀಸೆಗೆ.
ಹೊಟ್ಟೆ ಪೂರ್ತಿ ತುಂಬಿದವು ಇಲ್ಲಿ ಸಿಗುವುದಿಲ್ಲ,
ಕಳಚಿಕೊಂಡು ಗೋಡೆ ಹತ್ತಿರುತ್ತವೆ. ಟಾರ್ಚು ಬಿಟ್ಟರೆ
ಮಾಡಿನ ಹಲಗೆಯ ಬಿರುಕಿನಲ್ಲಿ, ಸಾಲಾಗಿ,
ಉಂಡ ಮನೆಯ ಜಂತೆ ಎಣಿಸುತ್ತ ಕೂತಿವೆ.

ಅವುಗಳೊಳಗೆ ಅದು. ಹೆಸರು ಬಲು ಉದ್ದ,
ಜೀವ ಮಾತ್ರ ಇನ್ನೊಬ್ಬರ ಜೀವಕೋಶದಾಚೆ ಬಾಳಲಾರದಷ್ಟು.
ತಾಯಿ ಉಣ್ಣಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ
ಪತ್ರವಿಲ್ಲದ ಆಸ್ತಿ.
ಹೊತ್ತ ಹುಳಕ್ಕೂ ಅದರಿಂದ ಸುಖವಿಲ್ಲ, ಬೇಗ ಸಾಯುತ್ತದೆ.
ಹಸಿದ ಉಣ್ಣಿಯಲ್ಲಿ ಅದು ತೂಕಡಿಸುತ್ತದೆ;
ಬಿಸಿ ರಕ್ತ ಇಳಿದು ಕೆಲ ಗಂಟೆಗೆ ಕಣ್ಣು ಬಿಡುತ್ತದೆ.
ಒಂದು ಮಗು ನಿದ್ದೆ ಮಾಡುವಷ್ಟು ಹೊತ್ತು.

"ಯಾವುದು?" ಅಂದಳು ನಸಾರಿಯಾ,
ಸೀಸೆಯನ್ನು ಬೆಳಕಿಗೆ ಹಿಡಿದು.
"ಇದರಲ್ಲಿ ಯಾವುದು?"

ಲ್ಯಾಬಿನಲ್ಲಿ ಐದೈದು ಸೇರಿಸಿ ಅರೆಯುತ್ತೇವೆ,
ಯಾವುದು ಯಾವುದೆಂಬ ಗುರುತು ಉಳಿಯುವುದಿಲ್ಲ.
ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ:
ನಾಯಿಯನ್ನು ಕೊಲ್ಲಬೇಡಿ ಅಮ್ಮ.

"ಕೊಲ್ಲುತ್ತೇನೆ ಅಂದೆನೇ?"
ಔಷಧಿಯ ಪಟ್ಟಿಯನ್ನು ನನ್ನ ಕೈಯಿಂದ ಕಿತ್ತುಕೊಂಡು
ಪೆಲೂಸಾ ಕುತ್ತಿಗೆಗೆ ಅವಳೇ ಕಟ್ಟಿದಳು,
ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು,
ನಾನು ಹೇಳಿಕೊಡುವ ಮೊದಲೇ.
ಆಮೇಲೆ ನಾಯಿಯನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದಳು.

ಬಸ್ಸಿನಲ್ಲಿ ಟೇಪು ಬಿಚ್ಚಿದೆ.
ಒಂದು ಅಂಟಿಕೊಂಡಿತ್ತು, ಎಳ್ಳಿನಷ್ಟು,
ಕಾಲಾಡಿಸುತ್ತ,
ಏನೂ ಉಣ್ಣದ್ದು.