ಎಣಿಸುವಾಗ ಮಾತಾಡಬೇಡ

ಕುಮಾಸಿಯ ಗ್ಯಾರೇಜುಗಳ ಗಲ್ಲಿಯಲ್ಲಿ, ಟೈರಿನಂಗಡಿಯ ಹಿಂದೆ
ಓಫೊರಿವಾ ಮೋಟಾರು ಸುತ್ತುತ್ತಿದ್ದಳು.
ಎಣಿಸುವಾಗ ಮಾತಾಡಬೇಡ: ನನಗವಳು ಕೊಟ್ಟ
ಮೊದಲ ಪಾಠ. ನಲವತ್ತೊಂದು, ನಲವತ್ತೆರಡು,
ಹೊಲಿಗೆಸೂಜಿ ದಪ್ಪದ ತಾಮ್ರದ ತಂತಿ
ಅವಳ ಹೆಬ್ಬೆರಳ ಗೀರಿನಲ್ಲೇ ಹಾಯುತ್ತಿತ್ತು,
ಹಗ್ಗ ಸವೆಸಿದ ಬಾವಿಕಟ್ಟೆಯಂಥ ಬೆರಳು.

ಮೆಕ್ಕೆಜೋಳದ ಗಿರಣಿಯದು, ಸುಟ್ಟು ಬಂದಿತ್ತು.
ಬಿಚ್ಚಿದರೆ ಮೀನು ಸೀದ ವಾಸನೆ;
ಲೇಪ ಕರಗಿ ತಂತಿಗೆ ತಂತಿ ತಾಗಿ
ಸುತ್ತಿ ಬಳಸಿ ಹೋಗಬೇಕಾದದ್ದು ಅಡ್ಡದಾರಿ ಹಿಡಿದಿತ್ತು.
"ಕರೆಂಟಿಗೆ ಸಬೂರಿಯಿಲ್ಲ," ಅಂದಿದ್ದಳು,
"ಹತ್ತಿರದ ಬಾಗಿಲು ತೆರೆದಿಟ್ಟರೆ
ಮನೆ ಸುಟ್ಟೇ ಹೊರಡುತ್ತದೆ."

ನನಗೆ ಹದಿನಾಲ್ಕು. ಅಣೆಕಟ್ಟಿನಿಂದ ಹೊರಟು
ಕಂಬ ಹತ್ತಿ, ಇಳಿದು, ನೀರಿನಂತೆ ಬರುವುದೆಂದು ನಂಬಿದವನು.
ಎಷ್ಟು ದಿನ ಹಿಡಿಯುತ್ತದೆ ಬರಲು? ಕೇಳಿಬಿಟ್ಟೆ.
ಉತ್ತರವಿಲ್ಲ. ಎಪ್ಪತ್ತು ಸುತ್ತು ಮುಗಿಸಿ, ಗಂಟು ಹಾಕಿ, ಆಮೇಲೆ:
"ಅಲ್ಲಿಂದ ಒಂದು ಕಣವೂ ಇಲ್ಲಿಗೆ ಬಂದಿಲ್ಲ, ಬೊಆಟೆಂಗ್.
ಈ ತಾಮ್ರದೊಳಗೇ ಹುಟ್ಟಿ ಇಲ್ಲೇ ಇದ್ದವರು ಇವರು,
ಟ್ರೊಟ್ರೊ ವ್ಯಾನಿನಲ್ಲಿ ಭುಜಕ್ಕೆ ಭುಜ ಒತ್ತಿ ಕೂತ ಹಾಗೆ.
ಹಿಂದಿನವನು ತಳ್ಳಿದ್ದು ಮುಂದಿನವನಿಗೆ
ರೆಪ್ಪೆ ಬಡಿಯುವ ಮೊದಲೇ ಗೊತ್ತು.
ಸರಿದದ್ದೋ, ಸಾಸಿವೆಯ ಸಿಪ್ಪೆಯಷ್ಟೂ ಇಲ್ಲ.
ಮುಂದಕ್ಕೆ, ಮತ್ತೆ ಹಿಂದಕ್ಕೆ,
ಸೆಕೆಂಡಿಗೆ ಐವತ್ತು ಸಲ.
ನಿನ್ನಮ್ಮನ ಹಿಟ್ಟು ಬೀಸುವವರು
ಎಲ್ಲಿಗೂ ಹೋಗದವರು."

ಆ ಸಂಜೆ ಹಾಳು ಸ್ಪೀಕರಿನಿಂದ
ಕರಿ ಉಂಗುರದಂಥ ಅಯಸ್ಕಾಂತ ಕಿತ್ತೆ.
ತಮ್ಮನಿಗೆ ದಕ್ಷಿಣ, ನನಗೆ ಉತ್ತರ ಎಂದು ಕರಾರು.
ಸುತ್ತಿಗೆಯ ಒಂದೇ ಏಟು:
ಎರಡು ತುಂಡು, ಎರಡರಲ್ಲೂ ಎರಡೂ!
ಬೈಗುಳಕ್ಕೆ ಹೆದರಿ ಒಡೆದಂಚಿಗೆ ಅಂಚು ಕೂಡಿಸಹೋದರೆ
ಈಗಷ್ಟೇ ಒಂದಾಗಿದ್ದವು
ಒಂದನ್ನೊಂದು ದೂಡಿ ಜಾರಿದವು.
ಓಫೊರಿವಾ ಬೈಯಲಿಲ್ಲ.
ಒಂದು ತುಂಡು ಮಗುಚಿಟ್ಟಳು. ಟಪ್ಪನೆ ಕಚ್ಚಿಕೊಂಡವು.
ಯಾಕೆಂದು ಹೇಳದೆ ಕೈ ತೊಳೆಯಲು ಹೋದಳು.

ಮೋಟಾರು ಸಿದ್ಧವಾದ ದಿನವೇ ಡುಮ್‌ಸೊರ್.
ಆರುವುದು-ಹತ್ತುವುದು: ನಮ್ಮ ವಿದ್ಯುತ್ತಿಗೆ ಊರಿಟ್ಟ ಹೆಸರು.
ಗಿರಣಿಯ ಅಡೋಮಾ ಬೋಗುಣಿ ಮಗುಚಿ ಅದರ ಮೇಲೇ ಕೂತಳು.
ಸೊಳ್ಳೆ. ಮೇಣದಬತ್ತಿ. ಕತ್ತಲಲ್ಲಿ ಓಫೊರಿವಾ
ಉರುಳೆಯನ್ನು ಬೆರಳಿಂದ ತಿರುಗಿಸಿ ತೋರಿದಳು:
"ಇದಕ್ಕೆ ಒಂದು ತಂತಿಯೂ ಇಲ್ಲ, ನೋಡು. ಸುತ್ತ ಬರೀ ಗಾಳಿ.
ಸುರುಳಿಯಿಂದ ಸುರುಳಿಗೆ ಅಯಸ್ಕಾಂತ ಓಡುತ್ತದೆ,
ಇದು ಬೆನ್ನಟ್ಟುತ್ತದೆ. ಸದಾ ಒಂದಿಷ್ಟು ಹಿಂದೆ.
ಹಿಡಿದರೆ ಮುಗಿಯಿತು, ಎಳೆಯುವ ಬಲವೇ ಇಲ್ಲ."
ಅಡೋಮಾ ಗೊಣಗಿದಳು, "ನನ್ನ ಗಂಡನ ಕತೆ."

ಒಂಬತ್ತಕ್ಕೆ ಗಲ್ಲಿಯೆಲ್ಲ ಹೋ ಎಂದಿತು.
ಸ್ವಿಚ್ಚು. ಉರುಳೆ ಒಮ್ಮೆ ನಡುಗಿ
ಓಟಕ್ಕೆ ಬಿತ್ತು. ನಾನು ಚಪ್ಪಾಳೆ ತಟ್ಟಿದೆ.
ಅವಳು ಕಿವಿ ಹತ್ತಿರ ತಂದು, ಕಣ್ಣು ಮುಚ್ಚಿ ಕೇಳಿದಳು:
"ಮೂರನೆಯ ಸುರುಳಿಯಲ್ಲಿ ಒಂದು ಸುತ್ತು ಕಡಿಮೆ.
ನೀನು ಮಾತಾಡಿದ್ದೆ."

ಈಗ ನನ್ನದೇ ಮೇಜು, ನನ್ನದೇ ಹುಡುಗರು.
ನಲವತ್ತೆರಡು ಬಂದಾಗಲೆಲ್ಲ
ಉಸಿರು ಬಿಗಿಹಿಡಿಯುತ್ತೇನೆ.