ಕಪ್ಪು ಚಿಪ್ಪು

ಪ್ವೆರ್ತೊ ಮೊಂತ್‌ನಿಂದ ದೋಣಿ ಹತ್ತಿ
ನಮ್ಮ ಚಿಲೊಯೆ ದ್ವೀಪಕ್ಕೆ ಬಂದಿಳಿದ ಡಬ್ಬಿ.
ಕಪ್ಪು ಪ್ಲಾಸ್ಟಿಕ್ಕು. ಒಂದು ಸ್ಕ್ರೂ ಇಲ್ಲ, ಒಂದು ಸಂದು ಇಲ್ಲ,
ಮುಂದೆ ದೀಪಕ್ಕೊಂದು ತೂತು ಮಾತ್ರ.

ಬರಿಯ ಡಿಸ್ಕಿಗೆ ಮೂವತ್ತು ಸಾವಿರ ಪೆಸೊ ಹೆಚ್ಚು.
ಅದಕ್ಕೇ ಅಂಗಿ ತೊಡಿಸಿ, ತಂತಿ ಕೊಟ್ಟು, ಅಡಾಪ್ಟರು ಕೊಟ್ಟು,
ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದರೆ ಕಡಿಮೆ.
ಇದೆಂಥ ಲೆಕ್ಕ ಅಂದೆ.

"ಸರಿಯಾಗೇ ಇದೆಯಲ್ಲ ಲಿಸಾಂದ್ರೊ," ಅಂದಳು ಎದುವಿಹಿಸ್,
ಕಟ್ಟಿಗೆ ಒಲೆಗೆ ಬೆನ್ನು ಕೊಟ್ಟು ಕೂತವಳು.
ಅಂಕೂದ್ ಸಂತೆಯಲ್ಲಿ ಮೂವತ್ತೆಂಟು ವರ್ಷ
ಕಪ್ಪೆಚಿಪ್ಪು ಬಿಡಿಸಿದ ಕೈ ಅವಳದು.
"ಚಿಪ್ಪಿನ ಸಮೇತ ಒಂದು ಬೆಲೆ, ಬಿಡಿಸಿದ್ದಕ್ಕೆ ಒಂದು ಬೆಲೆ.
ನಡುವೆ ಇರೋದು ನನ್ನ ಹೆಬ್ಬೆರಳು."

ಆದರೆ ಇದನ್ನು ಯಾರೂ ಬಿಡಿಸಿಲ್ಲ, ಎದುವಿಹಿಸ್.
ಇದು ಬತ್ತಲೆ ಹುಟ್ಟಿ ಆಮೇಲೆ ಉಡಿಸಿಕೊಂಡದ್ದು,
ಉಟ್ಟ ಮೇಲೆ ಅಗ್ಗವಾದದ್ದು.

ಅವಳು ತುಸು ಯೋಚಿಸಿದಳು.
"ಮನುಷ್ಯರಲ್ಲೂ ಉಂಟು ಅಂಥವರು," ಅನ್ನುತ್ತ
ನನ್ನ ಕೈಯ ಬೆಣ್ಣೆ ಚೂರಿ ಕಿತ್ತುಕೊಂಡಳು.
ನಾನಾಗಲೇ ಎರಡು ಕೊಕ್ಕೆ ಮುರಿದಿದ್ದೆ.

ಅವಳು ಒತ್ತಲಿಲ್ಲ. ಉಗುರಲ್ಲಿ ಅಂಚು ಸವರಿದಳು,
ನಾಣ್ಯ ಅಸಲೋ ನಕಲೋ ನೋಡುವ ಹಾಗೆ.
"ಎಲ್ಲದಕ್ಕೂ ಒಂದು ಕೀಲು ಇರತ್ತೆ. ಆ ಕಡೆ ಹೋಗಬಾರದು.
ಅದು ಉಸಿರು ಬಿಗಿಹಿಡಿಯೋ ಕಡೆ ಹೋಗಬೇಕು."
ಹಳೆಯ ಬಸ್ ಕಾರ್ಡು ತೂರಿಸಿ, ಮಣಿಕಟ್ಟು ಒಂದಿಷ್ಟು ತಿರುವಿದಳು.
ಕಪ್ಪು ಚಿಪ್ಪು ಬಾಯಿಬಿಟ್ಟಿತು.

ಒಳಗೆ ಬೆಳ್ಳಗೆ, ತಣ್ಣಗೆ, ಒಂದು ಇಟ್ಟಿಗೆ.
ಮೂಲೆ ಮೂಲೆಗೆ ರಬ್ಬರ್ ಗುಂಡಿ,
ಬಾಲ ಕಚ್ಚಿಕೊಂಡ ಹಸಿರು ಬಿಲ್ಲೆ.
"ಮುತ್ತಿಲ್ಲ," ಅಂದಳು. "ನಮ್ಮದರಲ್ಲೂ ಇರಲ್ಲ ಬಿಡು."

ಬಿಲ್ಲೆ ಕಿತ್ತು, ಸಂಘದ ಕಂಪ್ಯೂಟರಿನ ಹೊಟ್ಟೆಗೆ ಸೇರಿಸಿ
ಗುಂಡಿ ಒತ್ತಿದೆ.
ಮತ್ತೆ ಒತ್ತಿದೆ.
ಫ್ಯಾನು ತಿರುಗಿತು. ಡಿಸ್ಕು ಕಲ್ಲು.

"ತೆರೆದದ್ದು ಸತ್ತದ್ದು," ಮೆಲ್ಲಗೆ ಅಂದಳು ಎದುವಿಹಿಸ್.
ಅವಳ ಕಸುಬಿನ ಮೊದಲ ಪಾಠ ಅದು:
ತಟ್ಟಿದರೆ ಮುಚ್ಚಿಕೊಳ್ಳುವುದು ಬುಟ್ಟಿಗೆ,
ಬಾಯಿ ಕಳೆದು ಕೂತದ್ದು ಕಡಲಿಗೆ.
ಕೊಡೆ ಎತ್ತಿಕೊಂಡು ಹೊರಟೇಬಿಟ್ಟಳು.

ತಿಳಿಯುವಷ್ಟರಲ್ಲಿ ಒಲೆ ಆರಿತ್ತು.
ಮೂರನೇ ಹಲ್ಲಿಗೆ ಹರಿಯುವ ಕರೆಂಟನ್ನು
ಈ ಜಾತಿಯ ಡಿಸ್ಕು "ಮಲಗು" ಎಂದು ಓದಿಕೊಳ್ಳುತ್ತದಂತೆ.
ಹಸಿರು ಬಿಲ್ಲೆ ಆ ಮಾತನ್ನು ಎಂದೂ ಆಡಿರಲಿಲ್ಲ.
ಉಗುರು ಕತ್ತರಿಯಲ್ಲಿ ಟೇಪು ಸೀಳಿದೆ, ಸೀಳಿದ್ದನ್ನು ಸೀಳಿದೆ,
ಸೀನಿದರೆ ಕಳೆದುಹೋಗುವಷ್ಟು ಸಣ್ಣದು,
ಆ ಒಂದು ಹಲ್ಲಿಗೆ ಮಾತ್ರ ಅಂಟಿಸಿದೆ.

ಮೊದಲು ಒಂದು ಕೆಮ್ಮು.
ಆಮೇಲೆ ತೆಳ್ಳಗೆ, ಗುಂಯ್.

ಬೆಳಗ್ಗೆ ಬಂದವಳು ಕಿವಿಯಿಟ್ಟಳು, ನಂಬಲಿಲ್ಲ,
ಬೆರಳ ಗೆಣ್ಣು ಎತ್ತಿದಳು.
ತಟ್ಟಬೇಡ! ಎಂದು ಕಿರುಚಿಕೊಂಡೆ.
"ತಟ್ಟದೆ ಹೇಗೆ ತಿಳಿಯೋದು?"

ಈಗ ಅದರೊಳಗೆ ತುಂಬುತ್ತಿರುವುದು
ನೀರೊಳಗಿನ ಕ್ಯಾಮೆರಾ ಕಂಡ ಹನ್ನೊಂದು ವರ್ಷ:
ಹಗ್ಗಕ್ಕೆ ಜೋತ ಚಿಪ್ಪು, ಚಿಪ್ಪಿಗೆ ಜೋತ ಚಿಪ್ಪು,
ಕೆಂಪು ನೀರಿನ ವರ್ಷ ಯಾರೂ ಕೊಳ್ಳದೆ
ಸುಮ್ಮನೆ ಕೊಬ್ಬುತ್ತಿದ್ದ ಸಾಲು ಸಾಲು.
ಆ ವರ್ಷ ಎದುವಿಹಿಸ್ ಚೂರಿ ಮಾರಿದ್ದಳು.
ಅದು ಯಾವ ಚಿತ್ರದಲ್ಲೂ ಇಲ್ಲ.

ಖಾಲಿ ಅಂಗಿ ಕಪಾಟಿನಲ್ಲಿದೆ. ಎಸೆಯುವಂತಿಲ್ಲ:
ಎರಡು ವರ್ಷದೊಳಗೆ ಡಿಸ್ಕು ಕೆಟ್ಟರೆ ಅದನ್ನೇ ಮತ್ತೆ ತೊಡಿಸಿ,
ಮುರಿದ ಕೊಕ್ಕೆ ಮರೆಸಿ, ಬಿಚ್ಚೇ ಇಲ್ಲವೆಂಬ ಮುಖ ಮಾಡಿ
ಕಳಿಸಬೇಕು ಅಂಗಡಿಗೆ.

ಅವಳು ಅದನ್ನೆತ್ತಿ ಒಳಗೆ ಇಣುಕಿದಳು.
"ಇಷ್ಟು ವರ್ಷದಲ್ಲಿ ಒಂದಾದರೂ
ಚಿಪ್ಪು ವಾಪಸು ಕೊಡು ಅಂತ ಬಂದಿಲ್ಲಪ್ಪ," ಅಂದು
ಕನ್ನಡಕ ತೆಗೆದು ಅದರೊಳಗಿಟ್ಟು ಕಣ್ಣೊರೆಸಿಕೊಂಡಳು, ನಕ್ಕೋ, ಹೊಗೆಗೋ.
ಹೋಗುವಾಗ ಕನ್ನಡಕ ಮರೆತಳು.